ಮರುಪಂದ್ಯಕ್ಕೆ ಬಾಜಿ

ಒಮ್ಮೆ ಸೆಣಸಿದ ಇಬ್ಬರು ಮತ್ತೆ ಎದುರುಬದುರು ನಿಂತರೆ ಗೆಲುವು ಯಾರದು? ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದವರು ಸಿಗುವುದು ಕಷ್ಟ. ಬಾಕ್ಸಿಂಗ್ ಪಂದ್ಯವನ್ನು ಒಂದು ಸುತ್ತೂ ನೋಡದವರು ಸಹ ಗಟ್ಟಿಯಾಗಿ ಹೇಳುತ್ತಾರೆ. ನಮ್ಮಲ್ಲಿ ಚುನಾವಣೆಯ ಅಖಾಡ ಐದು ವರ್ಷಕ್ಕೊಮ್ಮೆ ಸಿದ್ಧವಾಗುತ್ತದೆ, ಊರೂರೇ ಅದರ ಸುತ್ತ ನಿಲ್ಲುತ್ತದೆ.

ಚಿಂತಾಮಣಿಯ ಟೀ ಅಂಗಡಿಗಳಲ್ಲಿ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಚುನಾವಣೆಗೆ ಇನ್ನೂ ವರ್ಷ ಇರುವಾಗಲೇ ಅಲ್ಲೊಬ್ಬ ಹಿರಿಯ ಬೀಡಿ ಕಟ್ಟಿನ ಕಾಗದ ಬಿಡಿಸಿ ಪೆನ್ನು ತೆಗೆಯುತ್ತಾನೆ. ಕೈವಾರ ಇಷ್ಟು, ಮುರುಗಮಲ್ಲ ಇಷ್ಟು, ಅಂಬಾಜಿದುರ್ಗ ಇಷ್ಟು, ಕಸಬಾ ಇಷ್ಟು ಎಂದು ಹೋಬಳಿವಾರು ಲೀಡು ಬರೆದು, ಕೆಳಗೆ ಗೆರೆ ಎಳೆದು, ಕೂಡಿಸಿ, ‘ಬರ್ಕೊಳ್ಳಿ, ಇಷ್ಟರ ಮೇಲೆ ಒಂದು ಓಟು ಹೆಚ್ಚು ಬರಲ್ಲ’ ಎನ್ನುತ್ತಾನೆ. ಇಂಥವರ ಪಕ್ಕ ಕೂತು ಕೇಳುವುದು ನನಗೆ ಬಹಳ ಇಷ್ಟ. ಯಾವ ಊರಿನಲ್ಲಿ ಎಷ್ಟು ಮನೆ, ಯಾವ ಮನೆ ಯಾರ ಕಡೆ, ಅಣ್ಣತಮ್ಮಂದಿರು ಭಾಗವಾದ ಮೇಲೆ ಯಾರು ಎತ್ತ ಹೋದರು, ಎಲ್ಲವೂ ಅವರ ನಾಲಿಗೆ ತುದಿಯಲ್ಲಿರುತ್ತದೆ. ಆದರೆ ಆ ಕಾಗದದ ಎಡಪಕ್ಕದಲ್ಲಿ ಸದಾ ಇನ್ನೊಂದು ಸಾಲು ಇರುತ್ತದೆ. ಕಳೆದ ಚುನಾವಣೆಯ ಅಂಕಿ. ಲೆಕ್ಕ ಶುರುವಾಗುವುದೇ ಅಲ್ಲಿಂದ.

ಚಿಂತಾಮಣಿಗೆ ಮರುಪಂದ್ಯ ಹೊಸದಲ್ಲ. ಎಂ.ಸಿ. ಸುಧಾಕರ್ ಮತ್ತು ಜೆ.ಕೆ. ಕೃಷ್ಣಾರೆಡ್ಡಿ 2013, 2018, 2023ರಲ್ಲಿ ಸತತ ಮೂರು ಸಲ ಎದುರಾದರು. ಮೊದಲ ಸಲ ಕೃಷ್ಣಾರೆಡ್ಡಿ ಗೆದ್ದದ್ದು ಎರಡು ಸಾವಿರಕ್ಕೂ ಕಡಿಮೆ ಮತಗಳಲ್ಲಿ. ಎರಡನೇ ಸಲವೂ ಅವರೇ, ಐದು ಸಾವಿರ ಚಿಲ್ಲರೆ ಅಂತರದಲ್ಲಿ. ಅಂತರ ಬೆಳೆಯುತ್ತಿದೆ, ಹಾಗಾದರೆ ಮೂರನೆಯದೂ ಅವರದೇ ಎಂದು ಲೆಕ್ಕ ಹಾಕಬಹುದಿತ್ತು. ಆದರೆ ಮೂರನೇ ಸಲ ಸುಧಾಕರ್ 29 ಸಾವಿರ ಮತಗಳ ಅಂತರದಲ್ಲಿ ಗೆದ್ದು ಮಂತ್ರಿಯೂ ಆದರು. ಹಿಂದಿನ ಎರಡು ಸಲ ಕಾಂಗ್ರೆಸ್ಸಿನ ಹೊರಗೆ ನಿಂತಿದ್ದವರು 2023ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದರು. ಹೆಸರುಗಳು ಅವೇ, ಪಂದ್ಯ ಬೇರೆ. ಶಿಡ್ಲಘಟ್ಟದಲ್ಲೂ ಗೆಲುವು ಅತ್ತಿತ್ತ ಓಡಾಡಿತು: 2008ಕ್ಕೆ ವಿ. ಮುನಿಯಪ್ಪ, 2013ಕ್ಕೆ ಎಂ. ರಾಜಣ್ಣ, 2018ಕ್ಕೆ ಮತ್ತೆ ಮುನಿಯಪ್ಪ.

ಇವೆಲ್ಲಕ್ಕಿಂತ ದೊಡ್ಡ ಪಾಠ ಇರುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ. (ಚಿಂತಾಮಣಿ, ಶಿಡ್ಲಘಟ್ಟ ಎರಡೂ ಲೋಕಸಭೆಗೆ ಕೋಲಾರದ ಲೆಕ್ಕಕ್ಕೆ ಹೋಗುತ್ತವೆ, ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಇಲ್ಲಿ ಉಳಿಯುತ್ತವೆ.) 2014ರಲ್ಲಿ ಕಾಂಗ್ರೆಸ್ಸಿನ ವೀರಪ್ಪ ಮೊಯ್ಲಿ 4,24,800 ಮತ ಪಡೆದರು, ಬಿ.ಎನ್. ಬಚ್ಚೇಗೌಡ 4,15,280. ಅಂತರ 9,520. ಮೂರನೆಯವರಾಗಿ ನಿಂತ ಜನತಾದಳದ ಎಚ್.ಡಿ. ಕುಮಾರಸ್ವಾಮಿ 3,46,339 ಮತ ತೆಗೆದುಕೊಂಡರು. ಐದು ವರ್ಷದ ನಂತರ ಮೊಯ್ಲಿ, ಬಚ್ಚೇಗೌಡ ಮತ್ತೆ ಮುಖಾಮುಖಿ. ಅಷ್ಟು ಹೊತ್ತಿಗೆ ಕಾಂಗ್ರೆಸ್ಸಿಗೂ ಜನತಾದಳಕ್ಕೂ ಮೈತ್ರಿಯಾಗಿ ಕುಮಾರಸ್ವಾಮಿಯವರೇ ಮುಖ್ಯಮಂತ್ರಿ. ಕೂಡಿಸಲು ಬರುವವರೆಲ್ಲ ಕೂಡಿಸಿ ನೋಡಿದರು: ಒಂದು ಕಡೆ 7,71,139, ಇನ್ನೊಂದು ಕಡೆ 4,15,280. ಇದಕ್ಕಿಂತ ಸುಲಭದ ಭವಿಷ್ಯ ಉಂಟೇ? 2019ರ ಮೇ 23ರಂದು ಮತಯಂತ್ರಗಳು ಬೇರೆಯೇ ಹೇಳಿದವು. ಬಚ್ಚೇಗೌಡ 7,45,912, ಮೊಯ್ಲಿ 5,63,802. ಅಂತರ 1,82,110.

ಕಾಗದದ ಮೇಲೆ ಒಂದಾದ ಎರಡು ಪಕ್ಷಗಳು ಹಳ್ಳಿಯಲ್ಲಿ ಒಂದಾಗಿರಲಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ, ಡೇರಿ ಸಂಘದಲ್ಲಿ, ಸೊಸೈಟಿಯಲ್ಲಿ ಇಷ್ಟು ವರ್ಷ ಒಬ್ಬರ ಮೇಲೊಬ್ಬರು ತೊಡೆ ತಟ್ಟಿದವರು ಒಂದೇ ದಿನಕ್ಕೆ ಹೆಗಲಿಗೆ ಹೆಗಲು ಕೊಡುತ್ತಾರೆಂದು ನಂಬಿದ್ದೇ ಹುಸಿಯಾಯಿತು. ಜತೆಗೆ ದೇಶದಲ್ಲೆಲ್ಲ ಬೀಸಿದ ಗಾಳಿ. ಅದಕ್ಕೂ ಮಿಗಿಲಾಗಿ ನೀರು. ಸಾವಿರ ಅಡಿ ದಾಟಿದರೂ ಬೋರ್‌ವೆಲ್‌ನಲ್ಲಿ ಧೂಳು ಬರುವ ಸೀಮೆ ಇದು. ಶಾಶ್ವತ ನೀರಾವರಿ ಬೇಕೆಂದು ರೈತರು ಟ್ರ್ಯಾಕ್ಟರ್ ಸಾಲು ಕಟ್ಟಿ ಬೆಂಗಳೂರಿಗೆ ಹೊರಟದ್ದು ಈ ಎರಡು ಪಂದ್ಯಗಳ ನಡುವೆಯೇ. ಎತ್ತಿನಹೊಳೆ ಯೋಜನೆಯ ನೀರು ಬರುತ್ತದೆ ಎಂದು ಕೇಳಿದ್ದ ಜನ 2019ರಲ್ಲೂ ಟ್ಯಾಂಕರ್‌ಗೇ ಕಾಯುತ್ತಿದ್ದರು. ಈ ಕಾಯುವಿಕೆ ಕೂಡಿಕೆಯ ಲೆಕ್ಕದಲ್ಲಿ ಎಲ್ಲಿತ್ತು?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋಗಿ ನಿಲ್ಲಿ. ನೂಲು ಬಿಚ್ಚುವ ರೀಲರ್ ಗೂಡಿನ ಲಾಟಿನ ಮುಂದೆ ಬಗ್ಗಿ, ಮೇಲಿನ ಹೊಳಪಿಗೆ ಮರುಳಾಗದೆ ಕೈಯನ್ನು ಅಡಿತನಕ ಇಳಿಸಿ ಒಂದು ಹಿಡಿ ಗೂಡು ಎತ್ತುತ್ತಾನೆ. ಬೆರಳಲ್ಲಿ ಒತ್ತಿ ಗಟ್ಟಿ ನೋಡುತ್ತಾನೆ. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳುತ್ತಾನೆ. ಜಾಳುಗೂಡು ಎಷ್ಟು, ಜೋಡಿಗೂಡು ಎಷ್ಟು ಎಂದು ಕಣ್ಣಲ್ಲೇ ಎಣಿಸುತ್ತಾನೆ. ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಎಂಬುದು ಮನಸ್ಸಿನಲ್ಲಿ ಕೂತ ಮೇಲೆಯೇ ಬೆಲೆ ಕಟ್ಟುವುದು. ಅದೇ ರೈತ, ಅದೇ ಮನೆ, ಅದೇ ತೋಟ; ಆದರೂ ಕಳೆದ ಬೆಳೆಯ ಗೂಡು ನೋಡಿ ಈ ಬೆಳೆಗೆ ದರ ಕಟ್ಟುವ ರೀಲರ್ ಅಲ್ಲಿ ಒಬ್ಬನೂ ಇಲ್ಲ. ಸೊಪ್ಪು ಬದಲಾಗಿರಬಹುದು, ಮಂಜು ಬಿದ್ದಿರಬಹುದು, ಊಜಿ ನೊಣ ಹೊಕ್ಕಿರಬಹುದು. ಇಷ್ಟು ಚೆನ್ನಾಗಿ ತಿಳಿದ ನಾವು ಚುನಾವಣೆಗೆ ಮಾತ್ರ ಹಳೇ ಲಾಟಿನ ಮೇಲೆ ಬೆಲೆ ಕೂಗುತ್ತೇವೆ.

ನಿಜವಾದ ಬಾಕ್ಸಿಂಗಿನಲ್ಲೂ ಇದೇ ಕಥೆ. 1936ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ಜೋ ಲೂಯಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಎದುರು ನಿಂತಾಗ ಬಾಜಿಯೆಲ್ಲ ಲೂಯಿ ಮೇಲೆ. ವೃತ್ತಿಪರನಾಗಿ ಒಂದೂ ಪಂದ್ಯ ಸೋತಿರದ ಹುಡುಗ ಅವನು. ಆದರೆ ಷ್ಮೆಲಿಂಗ್ ಅವನ ಆಟವನ್ನು ಕೂತು ನೋಡಿದ್ದ. ಎಡಗೈಯಿಂದ ಗುದ್ದಿದ ಮೇಲೆ ಲೂಯಿ ಆ ಕೈಯನ್ನು ಸ್ವಲ್ಪ ಕೆಳಕ್ಕೆ ಬಿಡುತ್ತಾನೆ. ಆ ಕ್ಷಣದಲ್ಲಿ ದವಡೆ ಬಯಲಾಗುತ್ತದೆ. ಷ್ಮೆಲಿಂಗ್ ಬಲಗೈಯನ್ನು ಆ ಸಂದಿಗೇ ಮತ್ತೆ ಮತ್ತೆ ಹಾಕಿ ಹನ್ನೆರಡನೇ ಸುತ್ತಿನಲ್ಲಿ ಕೆಡವಿದ. ಎರಡು ವರ್ಷದ ಮೇಲೆ, 1938ರ ಜೂನ್ 22ರಂದು ಮರುಪಂದ್ಯ. ಈಗ ಲೂಯಿ ವಿಶ್ವ ಚಾಂಪಿಯನ್. ಸೋಲನ್ನು ಮರೆಯದೆ, ತಪ್ಪು ತಿದ್ದಿಕೊಂಡು ಬಂದಿದ್ದ. ಪಂದ್ಯ ಮುಗಿದದ್ದು ಮೊದಲ ಸುತ್ತಿನಲ್ಲೇ, 2 ನಿಮಿಷ 4 ಸೆಕೆಂಡಿನಲ್ಲಿ.

ಮೊಯ್ಲಿ, ಬಚ್ಚೇಗೌಡರ ಮರುಪಂದ್ಯ ನಡೆದ 2019ರಲ್ಲೇ ಆಂಡಿ ರೂಯಿಜ್ ಎಂಬ ದಪ್ಪ ಮೈಯ ಬಾಕ್ಸರ್ ಜೂನ್‌ನಲ್ಲಿ ಆಂಥೊನಿ ಜೋಶುವಾನನ್ನು ಹೊಡೆದುರುಳಿಸಿ ಜಗತ್ತನ್ನು ಬೆರಗುಗೊಳಿಸಿದ. ಡಿಸೆಂಬರ್‌ನ ಮರುಪಂದ್ಯಕ್ಕೆ ಬಂದಾಗ ಅವನ ತೂಕ ಮೊದಲಿಗಿಂತ ಆರು ಕಿಲೋಗೂ ಹೆಚ್ಚು. ಜೋಶುವಾ ಅಂಕಗಳ ಮೇಲೆ ಗೆದ್ದ. ಗೆಲುವು ಮೈ ಬೆಳೆಸುತ್ತದೆ, ಸೋಲು ಕಣ್ಣು ತೆರೆಸುತ್ತದೆ ಎಂದು ಇಲ್ಲಿಗೇ ಸೂತ್ರ ಕಟ್ಟಿಬಿಡೋಣ ಎನಿಸುತ್ತದೆ. ಕಟ್ಟಲಾಗದು. 2024ರಲ್ಲಿ ಉಸಿಕ್ ಎಂಬ ಬಾಕ್ಸರ್ ಮೇ ತಿಂಗಳಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿದ, ಡಿಸೆಂಬರ್‌ನಲ್ಲಿ ಮತ್ತೆ ಸೋಲಿಸಿದ. ಚಿಂತಾಮಣಿಯಲ್ಲಿ 2018ರಲ್ಲಿ ಆದದ್ದೂ ಅದೇ. ಪಕ್ಕದ ಹೊಸಕೋಟೆಯಲ್ಲಂತೂ ಎಂ.ಟಿ.ಬಿ. ನಾಗರಾಜ್ ಮತ್ತು ಶರತ್ ಬಚ್ಚೇಗೌಡ 2018ರಿಂದ 2023ರೊಳಗೆ ಮೂರು ಸಲ ಸೆಣಸಿದರು; ಆ ಹೊತ್ತಿಗೆ ಇಬ್ಬರ ಪಕ್ಷಗಳೇ ಅದಲುಬದಲಾಗಿದ್ದವು. ಅಲ್ಲಿ ಹಳೇ ಅಂಕಿಯನ್ನು ಯಾರ ಹೆಸರಿಗೆ ಬರೆಯುವುದು?

ಆದ್ದರಿಂದ ಯಾರು ಗೆದ್ದಿದ್ದರು ಎಂಬುದಕ್ಕಿಂತ ಹೇಗೆ ಗೆದ್ದಿದ್ದರು, ಆಮೇಲೆ ಏನೇನು ಬದಲಾಯಿತು ಎಂದು ಕೇಳುವವನ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಚುನಾವಣಾ ಆಯೋಗದ ಫಾರಂ 20ರಲ್ಲಿ ಪ್ರತಿ ಮತಗಟ್ಟೆಯ ಲೆಕ್ಕ ಸಿಗುತ್ತದೆ, ಯಾರು ಬೇಕಾದರೂ ನೋಡಬಹುದು. ಅದನ್ನು ಕೈಯಲ್ಲಿ ಹಿಡಿದು ಆ ಊರಿಗೇ ಹೋಗಿ ಕೆರೆಗೆ ನೀರು ಬಂತೇ, ಟೊಮೆಟೊಗೆ ದರ ಸಿಕ್ಕಿತೇ, ಮೊದಲ ಸಲ ಓಟು ಹಾಕುವ ಮಕ್ಕಳು ಬೆಂಗಳೂರಿಗೆ ಹೋದರೇ, ಇಲ್ಲೇ ಉಳಿದರೇ ಎಂದು ಕೇಳಬೇಕು. ಗೌರಿಬಿದನೂರಿನಲ್ಲಿ 1999ರಿಂದ ಸತತ ಐದು ಸಲ ಗೆದ್ದ ಶಿವಶಂಕರರೆಡ್ಡಿ 2023ರಲ್ಲಿ ಪಕ್ಷೇತರ ಪುಟ್ಟಸ್ವಾಮಿಗೌಡರ ಎದುರು ಸೋತರು. ಅಲ್ಲಿ ಆರನೆಯದನ್ನು ಐದರ ಮೇಲಿಂದ ಹೇಳಲು ಬರುತ್ತಿರಲಿಲ್ಲ.

ಊಹೆ ಮಾತಿನಲ್ಲಿ ಉಳಿದರೆ ಚಂದ. ಅದು ಬಾಜಿಗೆ ಇಳಿದಾಗ ನನಗೆ ಸಂಕಟವಾಗುತ್ತದೆ. ಮೊದಲು ಒಂದು ಬಿರಿಯಾನಿ ಊಟ, ಆಮೇಲೆ ಕುರಿ, ಆಮೇಲೆ ಬೈಕು, ಕೊನೆಗೆ ಜಮೀನು. 2023ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಹೊಲವನ್ನೇ ಬಾಜಿಗಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕುರಿ ಮೇಯಿಸಿದವಳು ಮನೆಯ ಹೆಂಗಸು, ಪಣಕ್ಕಿಡುವಾಗ ಅವಳನ್ನು ಕೇಳುವವರಿಲ್ಲ. 2028ರಲ್ಲಿ ಈ ಊರುಗಳಲ್ಲಿ ಮತ್ತೆ ಯಾರು ಯಾರ ಎದುರು ನಿಲ್ಲುತ್ತಾರೋ ನಿಲ್ಲಲಿ. ಬೀಡಿ ಕಾಗದ ಬಿಡಿಸಿ, ಲೀಡು ಬರೆಯಿರಿ, ಟೀ ಆರುವವರೆಗೂ ವಾದ ಮಾಡಿ. ನಾನೂ ಪಕ್ಕದಲ್ಲಿ ಕೂರುತ್ತೇನೆ. ಕುರಿಯನ್ನು ಮಾತ್ರ ಕೊಟ್ಟಿಗೆಯಲ್ಲೇ ಬಿಡಿ, ಪಹಣಿಯನ್ನು ಪೆಟ್ಟಿಗೆಯಲ್ಲೇ ಇಡಿ.