ಪಕ್ಕದೂರಿನಿಂದ ಬಂದ ಪುಸ್ತಕ

ಕಳೆದ ವರ್ಷದ ಮಾತು. ಅಸರ್ ನಮಾಝ್ ಮುಗಿಸಿ ಕುಳಿತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೊಂಟದಲ್ಲಿ ಮಗುವನ್ನಿಟ್ಟುಕೊಂಡು ಬಂದಳು. ಪಿಯುಸಿ ಮುಗಿಯುತ್ತಲೇ ಮದುವೆಯಾದವಳು. ಈಗ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಿದ್ದಾಳೆ.

"ಟೀಚರ್, ಇತಿಹಾಸದ್ದೊಂದು ಪುಸ್ತಕ ಬೇಕಿತ್ತು. ಅಂಗಡಿಯಲ್ಲಿ 600 ರೂಪಾಯಿ ಹೇಳ್ತಾರೆ. ಇವರ ಹತ್ರ ಕೇಳ್ಲಿಕ್ಕೆ ಮನಸ್ಸಾಗುವುದಿಲ್ಲ."

ನನಗೆ ನನ್ನದೇ ದಿನಗಳು ನೆನಪಾದವು. ಅರಬಿಕ್ ಕಾಲೇಜು ಮುಗಿಸಿ ನಾನು ಖಾಸಗಿಯಾಗಿ ಬಿ.ಎ. ಕಟ್ಟಿದಾಗ ಪೇಟೆಯ ಗ್ರಂಥಾಲಯಕ್ಕೆ ಹೋಗಿದ್ದೆ. ಪತ್ರಿಕೆ ಓದುತ್ತಿದ್ದ ಗಂಡಸರೆಲ್ಲ ಒಮ್ಮೆಲೇ ತಲೆ ಎತ್ತಿದರು. ಉಮ್ಮ ಹೊರಗೆ ಜಗಲಿಯಲ್ಲಿ ಕೊಡೆ ಹಿಡಿದು ನಿಂತಿದ್ದರು. "ಇಲ್ಲಿಲ್ಲ, ಬೇರೆ ಕಡೆ ನೋಡಿ" ಎಂದರು ಅಲ್ಲಿದ್ದವರು. ಆ ಬೇರೆ ಕಡೆ ಯಾವುದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಪತ್ರಿಕೆಯನ್ನು ನಾನು ಬರೆದದ್ದು ಇನ್ನೊಬ್ಬರ ನೋಟ್ಸ್ ನಂಬಿ.

ಈ ಹುಡುಗಿಯನ್ನು ನಮ್ಮ ಪಂಚಾಯತ್ ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಈಗ ಅಲ್ಲಿ ಸ್ಥಿತಿ ಬದಲಾಗಿದೆ. 2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. 2020ರಲ್ಲಿ 'ಓದುವ ಬೆಳಕು' ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಮಕ್ಕಳು ಬಂದ ಮೇಲೆ ತಾಯಂದಿರಿಗೂ ಬಾಗಿಲು ದಾಟುವ ಧೈರ್ಯ ಬಂತು ನೋಡಿ.

ಪುಸ್ತಕ ಅಲ್ಲಿಯೂ ಇರಲಿಲ್ಲ. ಆದರೆ ಮೇಲ್ವಿಚಾರಕರು "ಇಲ್ಲ" ಎಂದು ಕೈ ತೊಳೆದುಕೊಳ್ಳಲಿಲ್ಲ. ಮೂರು ಪಂಚಾಯತ್‌ಗಳಿಗೆ ಫೋನ್ ಮಾಡಿದರು. ಮೂರನೆಯ ಕಡೆ ಸಿಕ್ಕಿತು. ತಾಲೂಕಿನ ಮೀಟಿಂಗಿಗೆ ಹೋದಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಅಲ್ಲಿನ ರಿಜಿಸ್ಟರಿನಲ್ಲಿ ತಮ್ಮ ಹೆಸರಿನಲ್ಲೇ ಬರೆಸಿದ್ದರು. ಕಳೆದುಹೋದರೆ ಹಣ ತುಂಬಬೇಕಾದವರು ಅವರೇ. ಒಳಪುಟಕ್ಕೆ ಅಂಟಿಸಿದ್ದ ದಿನಾಂಕದ ಚೀಟಿ ಖಾಲಿಯಾಗಿತ್ತು. ಅದುವರೆಗೆ ಯಾರೂ ಅದನ್ನು ಒಯ್ದೇ ಇರಲಿಲ್ಲ!

ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದೂ ಅದರಲ್ಲಿದೆ. ಒಂದೇ ಕಪಾಟಿನಿಂದ ಇದು ಹೇಗೆ ಸಾಧ್ಯ? ನೆರೆಮನೆಯಿಂದ ಒಂದು ಲೋಟ ಸಕ್ಕರೆ ತರುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಹದಿನೈದು ದಿನ ಕಳೆದಿರಬಹುದು, ಹುಡುಗಿ ಅಳುತ್ತಾ ಬಂದಳು. ಮಗು ಒಂದು ಹಾಳೆ ಹರಿದಿತ್ತು. ಅತ್ತೆ "ಓದು ಯಾಕೆ ಬೇಕಿತ್ತು" ಎಂದರಂತೆ. ಅಂಟಿಸಿ ಸುಮ್ಮನೆ ಕೊಟ್ಟುಬಿಡಲೇ ಎಂದು ಕೇಳಿದಳು. "ಬೇಡ, ಹೇಳಿಯೇ ಕೊಡು. ನಿನ್ನ ನಂತರ ಕೇಳುವವಳಿಗೆ ಬಾಗಿಲು ಮುಚ್ಚಬಾರದು" ಎಂದೆ. ಇಬ್ಬರೂ ಹೋದೆವು. ಮೇಲ್ವಿಚಾರಕರ ಮುಖ ಸ್ವಲ್ಪ ಸಪ್ಪಗಾದದ್ದು ನಿಜ. ಆ ಕಡೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದರು. ಹಾಳೆ ಅಂಟಿಸಿ ಕಳಿಸಿದರೆ ಸಾಕು ಎಂದರು ಅವರು.

ಆದರೆ ಇದೆಲ್ಲ ಒಬ್ಬರ ಒಳ್ಳೆಯತನದ ಮೇಲೆಯೇ ಯಾಕೆ ನಿಲ್ಲಬೇಕು? ನಾಳೆ ಅವರು ವರ್ಗವಾಗಿ ಹೋದರೆ? ದಿಲ್ಲಿಯಲ್ಲಿ 1988ರಲ್ಲಿ ಆರಂಭವಾದ ಡೆಲ್‌ನೆಟ್‌ನಲ್ಲಿ ಸದಸ್ಯ ಗ್ರಂಥಾಲಯಗಳ ಪುಸ್ತಕಗಳಿಗೆ ಒಂದೇ ಪಟ್ಟಿಯಿದೆ. ಒಂದು ಕಡೆ ಇಲ್ಲದ್ದನ್ನು ಇನ್ನೊಂದು ಕಡೆಯಿಂದ ತರಿಸಿಕೊಡುತ್ತಾರೆ. ಅದರಲ್ಲಿರುವುದು ಹೆಚ್ಚಾಗಿ ಕಾಲೇಜು, ವಿಶ್ವವಿದ್ಯಾನಿಲಯಗಳು. ಒಂದು ತಾಲೂಕಿನ ಪಂಚಾಯತ್‌ಗಳಿಗಾದರೂ ಅಂಥದ್ದೊಂದು ಪಟ್ಟಿ, ಎರವಲಿಗೊಂದು ನಿಯಮ, ತಿಂಗಳಿಗೊಮ್ಮೆ ಓಡಾಡುವ ಒಂದು ಚೀಲ ಇದ್ದರೆ ಸಾಕಿತ್ತು. ಇದು ಯಾರ ದಾನವೂ ಅಲ್ಲ. 1965ರ ಗ್ರಂಥಾಲಯ ಕಾಯ್ದೆಯಂತೆ ನಮ್ಮ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, ಶೇ. 6ರಷ್ಟು. ರಶೀದಿ ತೆಗೆದು ನೋಡಿ. ನಾನೂ ಇದನ್ನು ಗಮನಿಸಿದ್ದು ಈಚೆಗೆ.

ಮೊನ್ನೆ ಅವಳು ಪುನಃ ಬಂದಿದ್ದಳು. ಸಮಾಜಶಾಸ್ತ್ರದ ಪುಸ್ತಕ ಬೇಕಂತೆ. ಈ ಸಲ ಜೊತೆಗೆ ಅತ್ತೆಯೂ ಬಂದಿದ್ದರು, ಮಗುವನ್ನು ಎತ್ತಿಕೊಂಡು.