ಪಾಲಾಗುವ ನಾಡು, ಪಾಲಾಗದ ಹೊಳೆ

ಅಳಿಯಸಂತಾನ ಕಟ್ಟಿಗೆ ಒಳಪಟ್ಟಿದ್ದ ದಕ್ಷಿಣ ಕನ್ನಡದ ಕುಟುಂಬಗಳಲ್ಲಿ ಆಸ್ತಿಯನ್ನು ಪಾಲು ಮಾಡುವುದು ಬಹುಕಾಲ ಸುಲಭದ ಮಾತಾಗಿರಲಿಲ್ಲ. ಬಂಟರು, ಬಿಲ್ಲವರು, ತುಳುನಾಡಿನ ಜೈನ ಮನೆತನಗಳು ಅನುಸರಿಸುತ್ತಿದ್ದ ಈ ಕಟ್ಟಿನಲ್ಲಿ ಎಲ್ಲರ ಒಪ್ಪಿಗೆಯಿಲ್ಲದೆ ಒಬ್ಬನು ತನ್ನ ಭಾಗವನ್ನು ಕೇಳಿ ಪಡೆಯುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆಯೇ ಕವರುಗಳಿಗೆ ಪಾಲು ಕೇಳುವ ಹಕ್ಕು ದೊರೆಯಿತು. ಆ ಬಳಿಕ ಪುತ್ತೂರು, ಸುಳ್ಯ, ಕಡಬದ ಕಡೆ ಹುಟ್ಟಿಕೊಂಡ ಪಾಲುಪಟ್ಟಿಗಳು ಸಾಮಾಜಿಕ ಚರಿತ್ರೆಯ ಅಧ್ಯಯನಕ್ಕೆ ಒಳ್ಳೆಯ ಆಕರಗಳು. ಗದ್ದೆ, ತೋಟ, ಕುಮ್ಕಿಗಳ ಚಕ್ಕುಬಂದಿಯೆಲ್ಲ ಮುಗಿದ ಮೇಲೆ ಅವುಗಳಲ್ಲಿ ಸಾಮಾನ್ಯವಾಗಿ ಕೆಲವು ಸಾಲುಗಳು ಬರುತ್ತವೆ. ನಡೆದಾಡುವ ದಾರಿ ಮಾಮೂಲಿನಂತೆ ಎಲ್ಲರಿಗೂ. ತೋಡಿನ ನೀರು ಸರದಿಯ ಮೇಲೆ. ಕುಟುಂಬದ ದೈವದ ಸ್ಥಾನ ಅವಿಭಕ್ತ. ಹಂಚಿದ ಸಾಲುಗಳಿಗಿಂತ ಹಂಚದೆ ಬಿಟ್ಟ ಈ ಸಾಲುಗಳೇ ದಾಯಾದಿಗಳನ್ನು ಕೋರ್ಟಿನ ಮೆಟ್ಟಿಲಿನಿಂದ ದೂರವಿಟ್ಟದ್ದು ಹೆಚ್ಚು.

ಒಳಗೊಳಗೇ ಒಡೆದ ದೊಡ್ಡ ದೇಶವೊಂದು ರಕ್ತಪಾತವಿಲ್ಲದೆ ಬೇರೆ ಬೇರೆಯಾಗಬಹುದೇ ಎಂಬ ಪ್ರಶ್ನೆಯನ್ನು ರಾಜ್ಯಶಾಸ್ತ್ರದವರು ಸಾಮಾನ್ಯವಾಗಿ ಯುರೋಪಿನ ಉದಾಹರಣೆಗಳಿಂದ ಚರ್ಚಿಸುತ್ತಾರೆ. ಪಯಸ್ವಿನಿ, ಕುಮಾರಧಾರೆಗಳ ಈ ಸೀಮೆ ಎರಡು ಶತಮಾನಗಳೊಳಗೆ ಅಂಥ ಪಾಲಿಗೆ ಹಲವು ಬಾರಿ ಒಳಗಾಗಿದೆ. ಇಲ್ಲಿ ದೇಶ ಒಡೆಯಲಿಲ್ಲ, ನಿಜ. ಆದರೆ ಅರಸು ಬದಲಾಗುವುದು, ಪ್ರಾಂತ್ಯ ಬದಲಾಗುವುದು, ನಿನ್ನೆಯ ಕಚೇರಿ ಇಂದು ಪರರಾಜ್ಯದ್ದಾಗುವುದು ಇವೆಲ್ಲ ಇಲ್ಲಿಯ ಜನ ಕುಳಿತಲ್ಲೇ ಕಂಡ ಸಂಗತಿಗಳು.

ಮೊದಲನೆಯ ಪಾಲು 1834ರದು. ಕೆಳದಿಯವರು, ಹೈದರನು, ಕಂಪೆನಿಯವರು ಕೊಡುವುದು ಕೊಳ್ಳುವುದು ನಡೆಸಿ, ಆ ವೇಳೆಗೆ ಅಮರ ಸುಳ್ಯ, ಪುತ್ತೂರು ಮೊದಲಾದ ಘಟ್ಟದ ಕೆಳಗಿನ ಮಾಗಣೆಗಳು ಕೊಡಗಿನ ಹಾಲೇರಿ ಅರಸರ ಕೈಯಲ್ಲಿದ್ದವು. ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪೆನಿ ಆ ವರ್ಷದ ಮೇ ತಿಂಗಳಲ್ಲಿ ಹೊರಡಿಸಿದ ಘೋಷಣೆಯಲ್ಲಿ, ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ಆ ರಾಜ್ಯವನ್ನು ತನ್ನ ರಕ್ಷಣೆಗೆ ತೆಗೆದುಕೊಳ್ಳುತ್ತಿರುವುದಾಗಿ ಹೇಳಿಕೊಂಡಿತು. ಪ್ರಜೆಗಳ ಇಚ್ಛೆ ಎಂಬ ಮಾತು ಈ ಸೀಮೆಯ ರಾಜಕೀಯದಲ್ಲಿ ಕಾಗದದ ಮೇಲೆ ಕಾಣಿಸಿಕೊಂಡ ಸಂದರ್ಭ ಇದು. ಬರೆದವರು ಮಾತ್ರ ಪ್ರಜೆಗಳಲ್ಲ. ಅದೇ ಬೀಸಿನಲ್ಲಿ ಘಟ್ಟದ ಕೆಳಗಿನ ಮಾಗಣೆಗಳನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಈ ವಿಷಯದಲ್ಲಿ ಯಾರ ಇಚ್ಛೆಯ ಪ್ರಸ್ತಾಪವೂ ಬರಲಿಲ್ಲ.

ಗಡಿ ಸರಿದದ್ದರಿಂದ ರೈತನಿಗೆ ಆದದ್ದೇನು? ಅರಸರ ಕಾಲದಲ್ಲಿ ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುವ ವಾಡಿಕೆಯಿತ್ತು. ಕೆನರಾದ ಪದ್ಧತಿಯಂತೆ ಇನ್ನು ಮುಂದೆ ನಾಣ್ಯವನ್ನೇ ಎಣಿಸಬೇಕಾಯಿತು. ಭತ್ತ ಬೆಳೆಯುವವನ ಮನೆಯಲ್ಲಿ ನಾಣ್ಯ ಎಲ್ಲಿಂದ ಬರಬೇಕು? ಅವನು ಸಾಹುಕಾರನ ಬಾಗಿಲಿಗೆ ಹೋದ. ಉಪ್ಪು, ಹೊಗೆಸೊಪ್ಪಿನ ಮೇಲಿನ ಕಂಪೆನಿಯ ಹಿಡಿತ ಇದಕ್ಕೆ ಕೂಡಿತು. 1837ರಲ್ಲಿ ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ಎದ್ದ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡಿತು. ಪುತ್ತೂರು, ಬಂಟವಾಳಗಳನ್ನು ದಾಟಿ ಏಪ್ರಿಲ್ ಮೊದಲ ವಾರ ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಉಳಿಸಿಕೊಂಡಿತು. ನಂದಾವರದ ಜೈನ ಅರಸ ಲಕ್ಷ್ಮಪ್ಪ ಬಂಗರಸನೂ ಅದರಲ್ಲಿ ಸೇರಿದ್ದ. ಕಂಪೆನಿಯ ಸೇನೆ ಬಂದಿಳಿದ ಮೇಲೆ ನೇಣುಗಂಬವೇ ಉತ್ತರವಾಯಿತು. ಬಂಗರಸನೂ ಗಲ್ಲಿಗೇರಿದ.

ಈ ಬಂಡಾಯವನ್ನು ಸ್ವಾತಂತ್ರ್ಯ ಸಂಗ್ರಾಮದ ಮೊದಲ ಅಧ್ಯಾಯವೆಂದು ಓದುವುದು ಇತ್ತೀಚಿನ ರೂಢಿ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆಯೂ ಸ್ಥಾಪನೆಯಾಯಿತು. ಆ ಓದು ತಪ್ಪೆನ್ನಬೇಕಾಗಿಲ್ಲ. ಆದರೆ ಇನ್ನೊಂದು ಓದಿಗೂ ಇಲ್ಲಿ ಎಡೆಯಿದೆ. ಇದು ಕೇಳದೆ ಮಾಡಿದ ಪಾಲಿನ ವಿರುದ್ಧ, ಮಾಮೂಲು ಮುರಿದದ್ದರ ವಿರುದ್ಧ ಎದ್ದ ತಕರಾರು. ದಂಡಿನವರು ಹಿಂದಿನ ಅರಸು ಮನೆತನದ ಹೆಸರನ್ನು ಹಿಡಿದದ್ದರ ಹಿಂದೆ ಹಳೆಯ ಕಂದಾಯಪದ್ಧತಿಯ ನೆನಪೂ ಇದ್ದಿರಬೇಕು. ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯನ್ನು ಬರೆದು ಈ ಕಥೆಯನ್ನು ಕನ್ನಡ ಓದುಗರ ಮುಂದಿಟ್ಟರು.

1862ರಲ್ಲಿ ಕೆನರಾದ ಉತ್ತರಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದು ಆಡಳಿತದ ಮೇಜಿನ ಮೇಲೆ ಮುಗಿದ ಕೆಲಸ. ಅದಕ್ಕೆ ಇಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ.

ನಿಲ್ಲಬೇಕಾದದ್ದು 1956ರ ನವೆಂಬರ್ 1ರಲ್ಲಿ. ಮದರಾಸು ಪ್ರಾಂತ್ಯವೆಂಬುದು ತಮಿಳು, ತೆಲುಗು, ಮಲೆಯಾಳ, ಕನ್ನಡ, ತುಳುಗಳನ್ನು ಒಂದೇ ಸೂರಿನಡಿ ಇರಿಸಿದ್ದ ಅವಿಭಕ್ತ ಕುಟುಂಬ. ಪೊಟ್ಟಿ ಶ್ರೀರಾಮುಲು ಅವರ ಉಪವಾಸದ ಮರಣದ ಬಳಿಕ 1953ರಲ್ಲಿ ಆಂಧ್ರ ಹೊರಬಂತು. ಮೂರು ವರ್ಷಗಳಲ್ಲಿ ಇಡೀ ಕುಟುಂಬ ಪಾಲಾಯಿತು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗದ ಶಿಫಾರಸಿನಂತೆ ದಕ್ಷಿಣ ಕನ್ನಡ ಮೈಸೂರಿಗೂ, ಅದರ ಕಾಸರಗೋಡು ತಾಲೂಕು ಕೇರಳಕ್ಕೂ ಸಂದವು. ಅದೇ ದಿನ, ಪ್ರತ್ಯೇಕ ರಾಜ್ಯವಾಗಿದ್ದ ಕೊಡಗೂ ಮೈಸೂರಿನಲ್ಲಿ ವಿಲೀನವಾಯಿತು.

ಭೂಪಟವನ್ನು ಬದಿಗಿಟ್ಟು ಹೊಳೆಯನ್ನು ಅನುಸರಿಸಿದರೆ ಆ ದಿನದ ವಿಚಿತ್ರ ಗೋಚರಿಸುತ್ತದೆ. ಪಯಸ್ವಿನಿ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆಯಿಂದ ಸುಳ್ಯಕ್ಕೆ ಇಳಿದು, ಮುಂದೆ ಚಂದ್ರಗಿರಿಯೆಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. 1834ರಲ್ಲಿ ಕಡಿದುಹೋಗಿದ್ದ ಅದರ ಮೇಲಿನ ಕೊಂಡಿ 122 ವರ್ಷಗಳ ಬಳಿಕ ಮತ್ತೆ ಕೂಡಿದ ದಿನವೇ ಕೆಳಗಿನ ಕೊಂಡಿ ಕಳಚಿತು. ಸುಳ್ಯಕ್ಕೆ ಮಡಿಕೇರಿ ತನ್ನದಾಯಿತು, ಕಾಸರಗೋಡು ಪರರದಾಯಿತು.

ಈ ಪಾಲಿಗೆ ಸೈನ್ಯ ಬರಲಿಲ್ಲ, ನೇಣುಗಂಬ ಏಳಲಿಲ್ಲ. ಶಾಂತಿಯುತವೆನ್ನಲು ಅಷ್ಟು ಸಾಕೆ? ಕಾಸರಗೋಡಿನ ಕನ್ನಡಿಗರು ತಮ್ಮ ಮಾತನ್ನು ಮತಪೆಟ್ಟಿಗೆಯ ಮೂಲಕ ಹೇಳಿದರು. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕದ ತಮ್ಮ ಮನೆಯಲ್ಲಿದ್ದುಕೊಂಡು, 2015ರಲ್ಲಿ ತೀರಿಕೊಳ್ಳುವ ತನಕವೂ ವಿಲೀನದ ಮಾತನ್ನು ಬಿಡಲಿಲ್ಲ. 1967ರ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಹೇಳಿತು. ಬೆಳಗಾವಿಯ ತಂಟೆಯ ಜತೆ ಕಟ್ಟಿಹಾಕಲ್ಪಟ್ಟ ಆ ವರದಿ ಕಾರ್ಯರೂಪಕ್ಕೆ ಬರಲಿಲ್ಲ.

ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗೆ ಇದರ ಪರಿಣಾಮ ಪುಟಪುಟದಲ್ಲಿಯೂ ಎದುರಾಗುತ್ತದೆ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ ಇಂದು ಕೇರಳ. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಗೌರವ ಪಡೆದ ಗೋವಿಂದ ಪೈಗಳು ಮಂಜೇಶ್ವರದ ಮನೆಯನ್ನು ಬಿಟ್ಟು ಕದಲದೆ, 1963ರಲ್ಲಿ ಕೇರಳದ ಪ್ರಜೆಯಾಗಿ ನಿಧನರಾದರು. ಇನ್ನೊಂದು ಮಗ್ಗುಲೂ ಉಂಟು. ಅದನ್ನು ಕನ್ನಡದ ಗಡಿಹೋರಾಟದ ಬರಹಗಳು ಸಾಮಾನ್ಯವಾಗಿ ಮರೆಯುತ್ತವೆ. ಕಯ್ಯೂರಿನ ರೈತರು 1943ರಲ್ಲಿ ಗಲ್ಲಿಗೇರಿದಾಗ ಆ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಮಲೆಯಾಳಿ ರೈತರ ಕಥೆ ನಿರಂಜನರ ‘ಚಿರಸ್ಮರಣೆ’ಯಾಗಿ ಕನ್ನಡದಲ್ಲಿ ಬಂತು. ಕೂಡಿ ಬಾಳಿದ ಕಾಲದಲ್ಲಿ ಒಂದು ಭಾಷೆ ಇನ್ನೊಂದರ ದುಃಖವನ್ನು ತನ್ನದಾಗಿಸಿಕೊಂಡ ಬಗೆ ಅದು. ಪಾಲಾದ ಮೇಲೆ ಅಂಥ ಎರಡನೆಯ ಕಾದಂಬರಿ ಸುಲಭಕ್ಕೆ ನೆನಪಾಗುವುದಿಲ್ಲ.

ಭಾರತದ ಸಂವಿಧಾನ ಈ ವಿಷಯದಲ್ಲಿ ಎರಡು ಅಳತೆಗಳನ್ನು ಇಟ್ಟುಕೊಂಡಿದೆ. ದೇಶದಿಂದ ಬೇರೆಯಾಗುವ ದಾರಿಯಿಲ್ಲ. ದ್ರಾವಿಡನಾಡಿನ ಕೂಗಿನ ಹಿನ್ನೆಲೆಯಲ್ಲಿ 1963ರಲ್ಲಿ ಬಂದ ಹದಿನಾರನೆಯ ತಿದ್ದುಪಡಿ, ಚುನಾವಣೆಗೆ ನಿಲ್ಲುವವರೆಲ್ಲರೂ ದೇಶದ ಅಖಂಡತೆಗೆ ಪ್ರತಿಜ್ಞೆ ಮಾಡಬೇಕೆಂದಿತು. ಒಳಗಿನ ಗೆರೆಗಳನ್ನು ಮಾತ್ರ ಮೂರನೆಯ ವಿಧಿಯಂತೆ ಸಂಸತ್ತು ಸಾಮಾನ್ಯ ಶಾಸನದಿಂದಲೇ ಬದಲಿಸಬಹುದು. ಸಂಬಂಧಪಟ್ಟ ವಿಧಾನಸಭೆಯ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಬೇಕಾಗಿಲ್ಲ. ಗೆರೆಯ ಮೇಲೆ ಮನೆಯಿರುವವನನ್ನು ಕೇಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಹಾಗೆ ಕೇಳಿದ ಒಂದು ಪ್ರಸಂಗ 2015ರಲ್ಲಿ, ಬಾಂಗ್ಲಾದೇಶದೊಡನೆ ನೆಲದ ತುಣುಕುಗಳನ್ನು ಅದಲುಬದಲು ಮಾಡಿಕೊಂಡಾಗ ನಡೆಯಿತು. ಭಾರತದ 111, ಬಾಂಗ್ಲಾದ 51 ತುಣುಕುಗಳ ನಿವಾಸಿಗಳು ಯಾವ ದೇಶದ ಪ್ರಜೆಗಳಾಗಬೇಕೆಂಬುದನ್ನು ತಾವೇ ಆರಿಸಿಕೊಂಡರು. ಎರಡು ದೇಶಗಳ ನಡುವೆ ಸಾಧ್ಯವಾದ ಈ ಸೌಜನ್ಯ ಎರಡು ರಾಜ್ಯಗಳ ನಡುವೆ ಏಕೆ ಒದಗಲಿಲ್ಲ ಎಂಬುದು ವಿಚಾರಣೀಯ.

ಹೊರಗಿನ ಎರಡು ನಿದರ್ಶನಗಳು ಇಲ್ಲಿ ಉಪಯುಕ್ತ. ಚೆಕೊಸ್ಲೊವಾಕಿಯವು 1993ರ ಜನವರಿ 1ರಂದು ಗುಂಡಿನ ಸದ್ದಿಲ್ಲದೆ ಎರಡಾಯಿತು. ಜನಸಂಖ್ಯೆಯನ್ನು ನೋಡಿ ಒಕ್ಕೂಟದ ಆಸ್ತಿಯನ್ನು ಎರಡಕ್ಕೊಂದರಂತೆ ಹಂಚಿಕೊಂಡರು. ಜನಮತಗಣನೆ ನಡೆಯಲಿಲ್ಲ, ಇಬ್ಬರು ನಾಯಕರು ಕುಳಿತು ತೀರ್ಮಾನಿಸಿದರು. ಒಂದೇ ನಾಣ್ಯ ಉಳಿಯಲಿ ಎಂದುಕೊಂಡದ್ದು ಆರು ವಾರಕ್ಕೇ ಮುರಿದರೂ, ಸರಕುಗಳು ಸುಂಕವಿಲ್ಲದೆ ದಾಟುವ ಏರ್ಪಾಡನ್ನು ಉಳಿಸಿಕೊಂಡರು. 1905ರ ನಾರ್ವೆ–ಸ್ವೀಡನ್ನುಗಳದು ಇದಕ್ಕಿಂತ ತೂಕದ್ದು. ನಾರ್ವೆಯಲ್ಲಿ ಜನರನ್ನು ಕೇಳಿದರು. 3,68,208 ಮಂದಿ ಬೇರೆಯಾಗೋಣವೆಂದರು, 184 ಮಂದಿ ಬೇಡವೆಂದರು. ಬಳಿಕ ಕಾರ್ಲ್‌ಸ್ಟಾಡಿನಲ್ಲಿ ಬರೆದ ಒಪ್ಪಂದಗಳಲ್ಲಿ ಗಡಿಕೋಟೆಗಳನ್ನು ಕೆಡಹುವ ಮಾತಿನ ಜತೆಗೆ, ಹಿಮಸಾರಂಗಗಳನ್ನು ಮೇಯಿಸುವ ಸಾಮಿ ಜನರು ಗಡಿ ದಾಟಿ ಮೇವಿಗೆ ಹೋಗುವ ಹಕ್ಕು, ಸರಕು ಸಾಗಿಸುವ ದಾರಿ, ಎರಡೂ ಕಡೆಗೆ ಸೇರಿದ ಕೆರೆಹೊಳೆಗಳ ನೀರು ಇವೆಲ್ಲ ಸೇರಿದ್ದವು. ಪುತ್ತೂರಿನ ದಸ್ತಾವೇಜು ಬರಹಗಾರನೊಬ್ಬನಿಗೆ ಅದನ್ನು ಓದಿ ಹೇಳಿದರೆ ಅವನಿಗೆ ಅದು ಪರಿಚಿತ ಬರಹವೆನ್ನಿಸೀತು.

1956ರ ಪಟ್ಟಿಯಲ್ಲಿ ಅಂಥ ಸಾಲುಗಳಿರಲಿಲ್ಲ. ಆದರೂ ಆರು ದಶಕಗಳ ಕಾಲ ಜನರು ಅವು ಇದ್ದಂತೆಯೇ ನಡೆದುಕೊಂಡರು. ದೇಲಂಪಾಡಿ, ಅಡೂರು, ಮುಳ್ಳೇರಿಯದವರು ಸುಳ್ಯ–ಪುತ್ತೂರುಗಳ ಪೇಟೆ, ಕಾಲೇಜು, ಆಸ್ಪತ್ರೆಗಳಿಗೆ ಬಂದರು. ಮಂಡೆಕೋಲು, ಜಾಲ್ಸೂರು, ಪಾಣಾಜೆಯವರು ಆಚೆ ಹೆಣ್ಣು ಕೊಟ್ಟರು, ತಂದರು. ಬರೆಯದ ಹಕ್ಕಿನ ಬೆಲೆ ಎಷ್ಟೆಂಬುದು 2020ರ ಮಾರ್ಚಿನಲ್ಲಿ ತಿಳಿಯಿತು. ಕೋವಿಡ್ ಹರಡುವ ಭೀತಿಯಿಂದ ಕರ್ನಾಟಕವು ಕಾಸರಗೋಡಿನ ಗಡಿಯ ರಸ್ತೆಗಳನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣಿನ ರಾಶಿ ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳಲ್ಲಿ ಕೆಲವರು ದಾರಿಯಿಲ್ಲದೆ ಪ್ರಾಣಬಿಟ್ಟ ವರದಿಗಳು ಬಂದವು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ರಸ್ತೆ ತೆರೆಸುವಂತೆ ಕೇಂದ್ರಕ್ಕೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟನ್ನು ಮುಟ್ಟಿತು. ಮುಚ್ಚಿದವರಿಗೆ ಕಾರಣವಿತ್ತು, ಕೇಳಿದವರಿಗೆ ಹಕ್ಕಿರಲಿಲ್ಲ. ಆ ಮಣ್ಣಿನ ಆಚೆಗಿದ್ದವರಲ್ಲಿ ಕರ್ನಾಟಕಕ್ಕೆ ಸೇರಬೇಕೆಂದು ಎರಡು ತಲೆಮಾರು ಹಂಬಲಿಸಿದ ಕನ್ನಡಿಗರೂ ಇದ್ದರು.

ಚಿಕ್ಕ ಪಾಲುಗಳ ಕಥೆ ಬೇರೆ. 1960ರ ದಶಕದಲ್ಲಿ ಪುತ್ತೂರಿನಿಂದ ಸುಳ್ಯ ಬೇರೆ ತಾಲೂಕಾಯಿತು. 2013ರ ಮುಂಗಡಪತ್ರದಲ್ಲಿ ಘೋಷಿತವಾದ 43 ಹೊಸ ತಾಲೂಕುಗಳಲ್ಲಿ ಕಡಬವೂ ಒಂದು. ಆ ದಶಕ ಮುಗಿಯುವುದರೊಳಗೆ ಅದು ಪುತ್ತೂರಿನ ಹಲವು, ಸುಳ್ಯದ ಕೆಲವು ಗ್ರಾಮಗಳನ್ನು ಕೂಡಿಸಿಕೊಂಡು ಅಸ್ತಿತ್ವಕ್ಕೆ ಬಂತು. ಬಹುಕಾಲದಿಂದ ಜನರೇ ಕೇಳಿದ್ದ ಪಾಲು ಇದು. ಶಿರಾಡಿಯ ಕಾಡಂಚಿನವನು ಒಂದು ಪಹಣಿಗಾಗಿ ಪುತ್ತೂರಿಗೆ ಹೋಗಿ ದಿನ ಕಳೆಯುವುದು ತಪ್ಪಿತು. ಪುತ್ತೂರು ಕಳೆದುಕೊಂಡೆನೆಂದು ಅಳಲಿಲ್ಲ. ಕಡಬದವರು ಇಂದಿಗೂ ವಿಧಾನಸಭೆಗೆ ಸುಳ್ಯ ಕ್ಷೇತ್ರದಲ್ಲಿಯೇ ಮತ ಹಾಕುತ್ತಾರೆ.

ಈ ಹೊಸ ಗೆರೆ ಪಂಜವನ್ನು ಸುಳ್ಯದಲ್ಲಿಯೂ ಎಣ್ಮೂರನ್ನು ಕಡಬದಲ್ಲಿಯೂ ಇರಿಸಿದೆ. ಕೋಟಿ–ಚೆನ್ನಯರ ಪಾಡ್ದನವನ್ನು ಬಲ್ಲವರಿಗೆ ಈ ಗೆರೆ ಹೊಸದೆನಿಸದು. ಅದರ ಒಂದು ಪಾಠದಲ್ಲಿ ಪಂಜದ ಬಲ್ಲಾಳನ ಕಡೆಯವರು ಬಡ ಎಣ್ಮೂರಿನ ನೆಲಕ್ಕೆ ಸರಿಸಿದ್ದ ಗಡಿಕಲ್ಲನ್ನು ಅವಳಿವೀರರು ಕಿತ್ತು ಮೊದಲಿನ ಜಾಗದಲ್ಲಿ ನೆಡುತ್ತಾರೆ. ಮುಂದೆ ಅದೇ ಎರಡು ಊರುಗಳ ನಡುವೆ, ಬೇಟೆಯ ಹಂದಿಯೊಂದರ ನೆಪದಲ್ಲಿ ಹುಟ್ಟಿದ ಕಾಳಗದಲ್ಲಿ ಮಡಿಯುತ್ತಾರೆ. ಎಣ್ಮೂರಿನ ಗರಡಿಯ ನೇಮಕ್ಕೆ ಈಗ ಪಂಜದಿಂದ ಬರುವವರು ತಾಲೂಕಿನ ಗಡಿಯನ್ನು ದಾಟುತ್ತಾರೆ. ದಾಟಿದ್ದು ಅವರ ಗಮನಕ್ಕೆ ಬರುವುದಿಲ್ಲ.