ನೆಲವೂ ಸ್ವಲ್ಪ ಡೊಂಕಿತ್ತು

ನನ್ನ ಹ್ಯಾಂಡಿಕ್ಯಾಪ್ 22. ಗಾಲ್ಫ್ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಪಳಗಿದ ಆಟಗಾರ 72 ಹೊಡೆತಕ್ಕೆ ಮುಗಿಸುವ ಸುತ್ತನ್ನು ನಾನು ಕೈ ಕೂಡಿಬಂದ ದಿನ 94ರ ಆಸುಪಾಸಿನಲ್ಲಿ ಮುಗಿಸುತ್ತೇನೆ. ಕೂಡಿಬಾರದ ದಿನಗಳ ಲೆಕ್ಕ ಇಲ್ಲಿ ಬೇಡ. ಇಷ್ಟು ಗೊತ್ತಿದ್ದೂ ಹಲವು ವರ್ಷ ನನ್ನ ಬ್ಯಾಗಿನಲ್ಲಿ ಇದ್ದದ್ದು ಬ್ಲೇಡ್ ಐರನ್‌ಗಳು. ಕಾಸಿ ಬಡಿದು ಮಾಡಿದ ಉಕ್ಕು, ತೆಳ್ಳನೆಯ ಮೇಲಂಚು, ಕಿರಿದಾದ ತಳ. ಚೆಂಡು ಮುಖದ ನಟ್ಟನಡುವೆ ತಾಗಿದರೆ ಅದರಂಥ ಸುಖ ಇನ್ನೊಂದಿಲ್ಲ. ಅರ್ಧ ಇಂಚು ಆಚೀಚೆ ಆದರೆ ಕೈಯೆಲ್ಲ ಜುಮ್ಮೆನ್ನುತ್ತದೆ, ಚೆಂಡು ಎತ್ತಲೋ ಹೋಗಿ ಬೀಳುತ್ತದೆ. ಸುಖ ಅಪರೂಪವಾಗಿತ್ತು, ಜುಮ್ಮೆನ್ನುವುದು ಮಾತ್ರ ಅಭ್ಯಾಸವಾಗಿ ಹೋಗಿತ್ತು.

ಅವನ್ನು ಯಾಕೆ ಕೊಂಡೆ ಅಂತ ಕೇಳಿದವರಿಗೆಲ್ಲ, ನೋಡಲು ಚೆಂದ ಇದ್ದವು ಅಂತ ಹೇಳುತ್ತಿದ್ದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೊದಲ ಟೀಯಲ್ಲಿ ಪರಿಚಯ ಇಲ್ಲದ ಮೂವರ ಜೊತೆ ನಿಂತಾಗ ಅವರ ಕಣ್ಣು ಒಮ್ಮೆ ನನ್ನ ಬ್ಯಾಗಿನ ಮೇಲೆ ಹಾಯಬೇಕು, ಇವನು ಆಡುವವನು ಅಂತ ಅವರು ಅಂದುಕೊಳ್ಳಬೇಕು, ಅದು ನನಗೆ ಬೇಕಿತ್ತು. ಎರಡನೆಯ ಹೊಡೆತಕ್ಕೇ ಬಣ್ಣ ಬಯಲಾಗುತ್ತಿತ್ತು, ಅದು ನನಗೂ ಗೊತ್ತಿತ್ತು. ಆ ನಾಲ್ಕು ನಿಮಿಷದ ಗೌರವಕ್ಕಾಗಿ ಉಳಿದ ನಾಲ್ಕು ಗಂಟೆ ಒದ್ದಾಡುತ್ತಿದ್ದೆ ಎಂದು ಈಗ ಬರೆಯುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. 3 ಐರನ್ ಅಂತೂ ಬರೀ ತೋರಿಕೆಗೆ ಇತ್ತು. ಅದನ್ನು ಹೊಡೆಯುವ ಧೈರ್ಯ ನನಗಿರಲಿಲ್ಲ, ಮನೆಯಲ್ಲಿ ಬಿಟ್ಟು ಬರುವ ಧೈರ್ಯವೂ ಇರಲಿಲ್ಲ. ನಮ್ಮ ಬೆಂಗಳೂರಿನವರೇ ಆದ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ, ಡ್ರೈವ್ ದೂರದಲ್ಲಿ ಮುಂಚೂಣಿಯವರಿಗಿಂತ ಎಷ್ಟೋ ಹಿಂದಿದ್ದೂ, ಉಳಿದವರು ಸಣ್ಣ ಐರನ್ ತೆಗೆಯುವ ಕಡೆ, ಉದ್ದ ಐರನ್ನಿಗೆ ಬದಲಾಗಿ ಬಂದ, ಹೊಡೆಯಲು ಸುಲಭದ ಹೈಬ್ರಿಡ್ ಕೋಲು ತೆಗೆದು ಆಡಿ ನಾಲ್ಕನೆಯ ಸ್ಥಾನಕ್ಕೆ ಬಂದರು. ಟಿವಿ ಮುಂದೆ ಕೂತು ಕಣ್ಣು ಒದ್ದೆ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಮುಂದಿನ ಭಾನುವಾರ ಮತ್ತೆ 3 ಐರನ್ ಹೊತ್ತುಕೊಂಡೇ ಹೋದೆ. ಹೈಬ್ರಿಡ್ ವಯಸ್ಸಾದವರಿಗೆ ಅನ್ನುವ ಮಾತು ನನ್ನ ಬಾಯಿಂದಲೇ ಬಂದದ್ದಿದೆ.

ಇನ್ನೊಂದು ಸಮರ್ಥನೆಯೂ ಇತ್ತು, ಅದು ಕೇಳಲು ಇನ್ನೂ ಸೊಗಸು. ಕಷ್ಟದ ಐರನ್‌ನಲ್ಲಿ ಕಲಿತರೆ ಕೈ ಪಳಗುತ್ತದೆ, ಸುಲಭದ್ದರಲ್ಲಿ ಆಡಿದರೆ ತಪ್ಪು ತಿಳಿಯುವುದೇ ಇಲ್ಲ. ಇದರಲ್ಲಿ ಹುರುಳಿಲ್ಲವೆಂದಲ್ಲ. ದಿನಾ ಬೆಳಿಗ್ಗೆ ರೇಂಜಿಗೆ ಹೋಗಿ ನೂರಾರು ಚೆಂಡು ಹೊಡೆಯುವ ಹುಡುಗನಿಗೆ ಅದು ನಿಜವೇ ಇರಬಹುದು. ನಾನು ಹೋಗುವುದು ಭಾನುವಾರ, ಅದೂ ಮನೆಯಲ್ಲಿ ಬೇರೆ ಕೆಲಸ ಇಲ್ಲದಿದ್ದರೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ನಮ್ಮ ಮನೆಯಲ್ಲಿ ಎಷ್ಟು ಚಾಲ್ತಿಯಲ್ಲಿತ್ತೆಂದರೆ ನಾನು ಯಾವ ಸಲಕರಣೆಯನ್ನೂ ದೂರದೆ ಬೆಳೆದವನು. ಪೆನ್ನು ಸರಿಯಿಲ್ಲ ಅಂದರೆ ಅಕ್ಷರ ಸರಿಯಿಲ್ಲ ಅಂತ ಬೈಸಿಕೊಂಡವನು. ಹಾಗಾಗಿ ಐರನ್ ನನಗೆ ಹೊಂದುವುದಿಲ್ಲ ಅನ್ನುವ ಅನುಮಾನ ಬಂದಾಗಲೆಲ್ಲ ಅದನ್ನು ಒಳಗೇ ಅದುಮಿದೆ, ಹಾಗೆ ಅದುಮಿದ್ದನ್ನು ವಿನಯ ಅಂತ ತಿಳಿದೆ. ಆದರೆ ಈ ಆಟದಲ್ಲಿ ನೆಲ ಡೊಂಕು ಅಂತ ಧೈರ್ಯವಾಗಿ ಹೇಳಿದವನೊಬ್ಬ ಇದ್ದ. ಕಾರ್ಸ್ಟನ್ ಸೋಲ್‌ಹೈಮ್, 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವನು, ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್. ಗಾಲ್ಫ್ ಹಿಡಿದದ್ದೇ ನಲವತ್ತು ದಾಟಿದ ಮೇಲೆ. ಪಟಿಂಗ್ ಕೈಗೆ ಹತ್ತಲಿಲ್ಲ. ತಪ್ಪು ಪಟರ್‌ನಲ್ಲೂ ಇದೆ ಅಂದ, ಅಂದು ಸುಮ್ಮನಿರದೆ ಮನೆಯ ಗ್ಯಾರೇಜಿನಲ್ಲಿ ಕೂತು ಅಳೆದು ನೋಡಿದ. ನಡುವಿನ ತೂಕವನ್ನು ತೆಗೆದು ಎರಡು ತುದಿಗೆ ಹಂಚಿದರೆ, ಚೆಂಡು ನಡುವೆ ತಾಗದಿದ್ದಾಗ ಮುಖ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ ಅನ್ನುವುದು ಅವನಿಗೆ ಹೊಳೆಯಿತು. 1959ರಲ್ಲಿ ಅಂಥ ಪಟರ್ ಮಾಡಿದ. ಚೆಂಡು ತಾಗಿದಾಗ ಅದು ಹೊರಡಿಸುತ್ತಿದ್ದ ಪಿಂಗ್ ಸದ್ದೇ ಕಂಪನಿಯ ಹೆಸರಾಯಿತು. ಆಮೇಲೆ ಅದೇ ಉಪಾಯ ಐರನ್‌ಗಳಿಗೂ ಬಂತು. ಇವತ್ತು ನಮ್ಮಂಥವರಿಗೆಂದು ಅಂಗಡಿಯಲ್ಲಿ ಸಿಗುವ, ಬೆನ್ನು ಕೊರೆದು ಅಂಚಿಗೆ ತೂಕ ಕೊಟ್ಟ ಕ್ಯಾವಿಟಿ ಬ್ಯಾಕ್ ಸೆಟ್‌ಗಳೆಲ್ಲ ಆ ಕುಣಿಯಲಾರದವನ ಹಟದ ಸಂತಾನ.

ಸೋಲ್‌ಹೈಮ್‌ನ ವಿಷಯ ಓದಿದ ಮೇಲೆ ನನ್ನ ವಿನಯದ ಬಗ್ಗೆ ನನಗೇ ಅನುಮಾನ ಬಂತು. ಐರನ್ ತಪ್ಪಿಲ್ಲ, ನನ್ನದೇ ತಪ್ಪು ಅನ್ನುತ್ತಿದ್ದೆನಲ್ಲ, ಅದರ ಅರ್ಥ ನಾನು ಇವತ್ತಲ್ಲ ನಾಳೆ ತಿದ್ದಿಕೊಳ್ಳುತ್ತೇನೆ ಎಂದು. ತಿದ್ದಿಕೊಂಡ ದಿನ ಆ ಬ್ಲೇಡ್‌ಗಳಿಗೆ ತಕ್ಕವನಾಗುತ್ತೇನೆ ಎಂದು. ಐರನ್ ನನಗೆ ಹೊಂದುವುದಿಲ್ಲ ಅಂತ ಒಪ್ಪಿಕೊಂಡರೆ ಇನ್ನೊಂದನ್ನೂ ಒಪ್ಪಬೇಕಿತ್ತು. ಐವತ್ತರ ಹತ್ತಿರ ಬಂದವನು, ವಾರಕ್ಕೊಮ್ಮೆ ಆಡುವವನು, ಇದಕ್ಕಿಂತ ಬಹಳ ಮುಂದೇನೂ ಹೋಗುವುದಿಲ್ಲ. ಅದನ್ನು ಒಪ್ಪುವುದಕ್ಕಿಂತ ದಿನಾ ನನ್ನನ್ನು ನಾನೇ ಬೈದುಕೊಳ್ಳುವುದು ಸುಲಭವಾಗಿತ್ತು.

ಕೊನೆಗೆ ಆಫೀಸಿನಿಂದ ವೈಟ್‌ಬೋರ್ಡ್ ಮಾರ್ಕರ್ ಒಂದನ್ನು ಜೇಬಿಗಿಳಿಸಿಕೊಂಡು ರೇಂಜಿಗೆ ಹೋದೆ. ಚೆಂಡಿನ ಹಿಂಬದಿಗೆ ಮಾರ್ಕರ್‌ನಿಂದ ಬಳಿದು ಹೊಡೆದರೆ ಎಲ್ಲಿ ತಾಗಿತೋ ಅಲ್ಲಿ ಐರನ್ನಿನ ಮುಖದ ಮೇಲೆ ಕಲೆ ಮೂಡುತ್ತದೆ. ಕಾಸು ಖರ್ಚಿಲ್ಲದ ಪರೀಕ್ಷೆ. ನನ್ನ ಮನಸ್ಸಿನಲ್ಲಿದ್ದದ್ದು ನಡುವಿನಲ್ಲಿ ಒಂದು ಗುಂಪು, ಸುತ್ತ ಅಲ್ಲೊಂದು ಇಲ್ಲೊಂದು. ಮೂಡಿದ್ದು ಬೇರೆ. ತುದಿಯ ಕಡೆ ಕೆಲವು, ಬುಡದ ಕಡೆ ಕೆಲವು, ತೀರ ಕೆಳಗಿನ ಗೀರಿನ ಮೇಲೆ ಬಹಳ. ನಡುವೆ ಖಾಲಿ. ಪಕ್ಕದ ಮ್ಯಾಟಿನವನು ಬಗ್ಗಿ ನೋಡುವ ಮೊದಲೇ ಟವಲ್‌ನಿಂದ ಒರೆಸಿದೆ.

ಆಮೇಲೆ ಕ್ಯಾವಿಟಿ ಬ್ಯಾಕ್ ಸೆಟ್ಟಿನ ಹುಡುಕಾಟ ಶುರುವಾಯಿತು. ಹೊಸ ಸೆಟ್‌ಗಳ ಬೆಲೆ ನೋಡಿ ಸುಮ್ಮನಾದೆ. ಹಳೆಯ ಮಾಡೆಲ್, ಒಬ್ಬರು ಬಳಸಿ ಬಿಟ್ಟದ್ದು, ₹30,000ಕ್ಕಿಂತ ಸ್ವಲ್ಪ ಕಡಿಮೆಗೆ ಕುದುರಿತು. ಇಲ್ಲಿ ನನಗೆ ಗೊತ್ತಾದದ್ದನ್ನು ಹೇಳಿಬಿಡುತ್ತೇನೆ, ಬೇರೆಯವರಿಗೆ ಉಪಯೋಗಕ್ಕೆ ಬಂದರೂ ಬರಬಹುದು. ಈ ಜಾತಿಯ ಐರನ್‌ಗಳಲ್ಲಿ ಹತ್ತು ವರ್ಷದ ಹಿಂದಿನದಕ್ಕೂ ಈ ವರ್ಷದ್ದಕ್ಕೂ ನನ್ನಂಥವನ ಕೈಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನೋಡಬೇಕಾದದ್ದು ಮುಖದ ಗೀರುಗಳು ಸವೆದಿವೆಯೇ, ಶಾಫ್ಟ್ ನಮ್ಮ ವೇಗಕ್ಕೆ ಹೊಂದುತ್ತದೆಯೇ ಅನ್ನುವುದು. ನನ್ನ ಹಳೆಯವಕ್ಕೆ ಸ್ಟಿಫ್ ಶಾಫ್ಟ್ ಇತ್ತು, ಅದೂ ಹೆಮ್ಮೆಗೇ. ಮಳೆಗಾಲದ ಮೆತ್ತನೆಯ ನೆಲದಲ್ಲಿ ಕಿರಿದಾದ ತಳ ಮಣ್ಣಿಗೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಅಗಲ ತಳದ್ದು ಚೆಂಡಿನ ಹಿಂದೆ ಸ್ವಲ್ಪ ನೆಲ ಬಡಿದರೂ ಜಾರಿಕೊಂಡು ಮುಂದೆ ಹೋಗುತ್ತದೆ. ಐರನ್ನಿನ ಕುತ್ತಿಗೆಗಿಂತ ಮುಖ ತುಸು ಹಿಂದೆ ಸರಿದಿರುವುದರಿಂದ ಚೆಂಡು ಬಲಕ್ಕೆ ಬಾಗಿ ಓಡುವುದೂ ಕಡಿಮೆಯಾಯಿತು. ಮೇಲಿಂದ ನೋಡಿದರೆ ಮಾತ್ರ ದಪ್ಪ, ಮೊಂಡು, ಒಂದು ತರಹ ಬೆಪ್ಪು. ಮೊದಲ ಕೆಲವು ವಾರ ಚೆಂಡಿನ ಮುಂದೆ ನಿಂತಾಗ ಅದರ ಮುಖ ನೋಡಲು ನನಗೆ ಮುಜುಗರವಾಗುತ್ತಿತ್ತು. ಬಹುಶಃ ಅದಕ್ಕೂ.

ಅಂಕಗಳು? ಸ್ವಲ್ಪ ಇಳಿದವು. ಪವಾಡವೇನೂ ಆಗಲಿಲ್ಲ. ಕೆಟ್ಟ ಹೊಡೆತ ಕೆಟ್ಟದ್ದಾಗಿಯೇ ಉಳಿಯಿತು, ಆದರೆ ಬಂಕರಿಗೆ ಬೀಳುವ ಬದಲು ಅದರ ಅಂಚಿನಲ್ಲಿ ನಿಂತಿತು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. 'ಈಗ 7 ಐರನ್‌ನಲ್ಲಿ 150 ಗಜ ಹೋಗ್ತಿದೆ' ಅಂತ ಹೇಳಿಕೊಂಡು ತಿರುಗಾಡಿದೆ. ಹಳೆಯ 7 ಐರನ್ನಿನ ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿದ ಕೋನ, 35 ಡಿಗ್ರಿ, ಹೊಸದ್ದು 30. ಅಂದರೆ ಹಳೆಯ ಸೆಟ್ಟಿನ 6 ಐರನ್‌ಗಿಂತಲೂ ನೆಟ್ಟಗಿರುವ ಕೋಲಿನ ತಳಕ್ಕೆ 7 ಅಂತ ಕೊರೆದಿದ್ದಾರೆ. ತೂಕ ಕೆಳಗಿರುವುದರಿಂದ ಚೆಂಡು ಹೇಗೂ ಮೇಲೇಳುತ್ತದೆ, ಲಾಫ್ಟ್ ಕಡಿಮೆ ಮಾಡಿದರೆ ನಡೆಯುತ್ತದೆ ಎಂಬ ವಿವರಣೆ ಇದೆ, ಅದು ಸರಿಯೇ. ಆದರೆ ಮಾರುವವನಿಗೆ ನನ್ನಂಥವನ ಮನಸ್ಸು ಗೊತ್ತಿರುವುದೂ ಅಷ್ಟೇ ಸರಿ. ಗೊತ್ತಿದ್ದೂ ಖುಷಿಪಟ್ಟೆ. ಆ ಖುಷಿಯ ಬೆಲೆ ಸೆಟ್ಟಿನ ಇನ್ನೊಂದು ತುದಿಯಲ್ಲಿ ಬಂತು: ಪಿಚಿಂಗ್ ವೆಜ್ 44 ಡಿಗ್ರಿ, ನನ್ನ ಸ್ಯಾಂಡ್ ವೆಜ್ 56. ನಡುವೆ ಇರುವ 90 ಗಜದ ಹೊಡೆತಕ್ಕೆ ಕೈಯಲ್ಲಿ ಏನೂ ಇಲ್ಲ. ಇನ್ನೊಂದು ವೆಜ್ ಕೊಂಡೆ. ಅಗ್ಗದ ಸೆಟ್ ಅಂತ ಮನೆಯಲ್ಲಿ ಹೇಳಿದ್ದೆ. 'ಮತ್ತೇನ್ರೀ ಇದು' ಅಂದಳು ಹೆಂಡತಿ, ಉತ್ತರಕ್ಕೆ ಕಾಯಲಿಲ್ಲ.

ಜೊತೆ ಆಡುವವರಿಗೆ ಹೇಳಿದ ಕಾರಣ ಬೆನ್ನುನೋವು. ಹೊಸದಕ್ಕೆ ಗ್ರಾಫೈಟ್ ಶಾಫ್ಟ್ ಇದ್ದದ್ದು ಅನುಕೂಲವಾಯಿತು, ಹಗುರ ಇರಲಿ ಅಂತ ಬದಲಾಯಿಸಿದೆ ಅಂದೆ. ಬೆನ್ನು ನನಗೆ ಒಮ್ಮೊಮ್ಮೆ ನೋಯುವುದು ನಿಜ, ಆದ್ದರಿಂದ ಇದು ಪೂರ್ತಿ ಸುಳ್ಳಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೇನೆ. ಆಟ ಸಾಲದು ಅನ್ನುವುದಕ್ಕಿಂತ ದೇಹ ಸಾಲದು ಅನ್ನುವುದು ನನಗೇಕೆ ಸುಲಭವಾಯಿತೋ.

ನಮ್ಮ ಕ್ಯಾಡಿ ನನಗಿಂತ ಹಿರಿಯರು. ಅವರನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ, ಹಾಗೆ ಮಾತಾಡಿಸುತ್ತೇನೆ ಅನ್ನುವುದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇದೆ. ಬ್ಲೇಡ್‌ಗಳ ಕಾಲದಲ್ಲಿ ಅವರು 'ಆರು ತಗೊಳ್ಳಿ ಸಾರ್' ಅಂತ 6 ಐರನ್ ಮುಂದೆ ಹಿಡಿಯುವರು. ನಾನು ಏಳನ್ನೇ ಕೇಳಿ ಪಡೆಯುವೆ. ಚೆಂಡು ಗ್ರೀನ್ ಮುಟ್ಟದೆ ಬೀಳುವುದು. 'ಗಾಳಿ ಸಾರ್' ಅನ್ನುವರು ಅವರು. ಮರದ ಎಲೆ ಅಲುಗುತ್ತಿರುತ್ತಿರಲಿಲ್ಲ. ಒಮ್ಮೆ ನೇರವಾಗಿ ಕೇಳಿದೆ, ಈ ಸೆಟ್ ನನಗೆ ಸರಿಯಾ ಅಂತ. 'ಒಳ್ಳೇ ಸೆಟ್ಟು ಸಾರ್' ಅಂದರು. ಕೇಳಿದ್ದಕ್ಕೆ ಉತ್ತರ ಅದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ದಿನದ ಕೊನೆಗೆ ಅವರ ಕೈಗೆ ದುಡ್ಡು ಇಡುವವನು ನಾನು. ನನ್ನ ಪ್ರಶ್ನೆಯೊಳಗೇ ಬೇಕಾದ ಉತ್ತರವೂ ಇತ್ತು, ಅವರು ಅದನ್ನು ಎತ್ತಿಕೊಟ್ಟರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರುಮಾಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮ್ಮ ಬ್ಯಾಗ್ ಹೊರುವವರಲ್ಲಿ ನಮಗಿಂತ ಚೆನ್ನಾಗಿ ಆಡುವವರು ಎಷ್ಟೋ ಜನ. ಸೋಮವಾರ ನಮ್ಮ ಕ್ಯಾಡಿಯೂ ಆಡುತ್ತಾರೆ, ಯಾರೋ ಕೊಟ್ಟ, ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಐರನ್‌ಗಳಲ್ಲಿ. ಅಂಥವರ ಮುಂದೆ ನಿಂತು ಯಾವ ಸೆಟ್ ನನ್ನ ಅಂತಸ್ತಿಗೆ ತಕ್ಕದ್ದು ಅಂತ ವರ್ಷಗಟ್ಟಲೆ ಯೋಚಿಸಿದವನು ನಾನು. ಇದನ್ನು ಬರೆದರೆ ಒಳ್ಳೆಯವನಾಗಿ ಕಾಣುತ್ತೇನೆ ಅನ್ನುವ ಲೆಕ್ಕವೂ ಇದೆಯೇನೋ, ಆ ಮಾತು ಬಿಡುತ್ತೇನೆ.

ಇಲ್ಲಿಯವರೆಗೆ ಹೇಳಿದ್ದರಿಂದ ನಷ್ಟವಾದದ್ದು ನನಗೊಬ್ಬನಿಗೆ. ಹೇಳಲು ತಡಮಾಡುತ್ತಾ ಬಂದದ್ದು ಬೇರೆ.

ಹೊಸ ಸೆಟ್ಟಿಗೆ ದುಡ್ಡು ಹೊಂದಿಸಲು ಬ್ಲೇಡ್‌ಗಳನ್ನು ಮಾರಿದೆ. ಕೊಂಡವನು ನಮ್ಮ ಆಫೀಸಿನ ಹುಡುಗ, ಆಗಷ್ಟೇ ಆಟ ಕಲಿಯುತ್ತಿದ್ದವನು. ಅವನೇ ಕೇಳಿಕೊಂಡು ಬಂದ, ನಾನು ಬಲವಂತ ಮಾಡಲಿಲ್ಲ, ಇದನ್ನು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. 'ಸರ್, ನನ್ನಂಥ ಬಿಗಿನರ್‌ಗೆ ಇದು ಆಗುತ್ತಾ?' ಅಂತ ಅವನು ಕೇಳಿದ್ದೂ ನಿಜ. ಮಾರ್ಕರ್‌ನ ಕಲೆಗಳು ನನ್ನ ಕಣ್ಣಿಗೆ ಕಟ್ಟಿದ ಹಾಗೆ ಇದ್ದವು. ಆದರೂ ಹೇಳಿದೆ, 'ಕಷ್ಟದ್ದರಲ್ಲಿ ಕಲಿತರೆ ಕೈ ಪಳಗುತ್ತೆ ಕಣಯ್ಯ'. ನಾನೇ ನಂಬದೆ ಬಿಟ್ಟ ಮಾತನ್ನು ಐರನ್‌ಗಳ ಜೊತೆ ಸೇರಿಸಿ ಕೊಟ್ಟೆ. ಬೆಲೆಯಲ್ಲಿ ಮೋಸ ಮಾಡಲಿಲ್ಲ. ಸ್ವಲ್ಪ ಕಡಿಮೆಗೇ ಕೊಟ್ಟೆ, ಆ ಉದಾರತನವನ್ನು ಅವನು ನಾಲ್ಕು ಜನರ ಮುಂದೆ ಹೇಳಿದಾಗ ತಲೆ ತಗ್ಗಿಸಿ ನಕ್ಕೆ.

ಅವನು ಈಗ ಒದ್ದಾಡುತ್ತಿದ್ದಾನೆ. ಅಂಗೈಯಲ್ಲಿ ಬೊಕ್ಕೆ ಎದ್ದಿವೆ. ನಾನು ಪಕ್ಕದಲ್ಲಿ ನಿಂತು ಮೊಣಕೈ ನೆಟ್ಟಗಿಡು, ತಲೆ ಎತ್ತಬೇಡ ಅನ್ನುತ್ತೇನೆ. ಹೋದ ತಿಂಗಳು ಕೇಳಿದ, 'ಸೆಟ್ ಏನಾದರೂ ಬದಲಾಯಿಸಲಾ ಸರ್?' ಕುಣಿಯಲಾರದವಳ ಗಾದೆ ನನ್ನ ಬಾಯಿಗೆ ತಾನಾಗಿಯೇ ಬಂತು. ಅವನು ನಕ್ಕ, ಇನ್ನೊಂದು ಬುಟ್ಟಿ ಚೆಂಡು ತರಿಸಿದ.

ದುಡ್ಡು ವಾಪಸ್ ಕೊಟ್ಟು ಸೆಟ್ ಹಿಂದಕ್ಕೆ ತೆಗೆದುಕೊಳ್ಳಬಹುದು, ಅದೇನೂ ನನ್ನ ಕೈಗೆ ಮೀರಿದ ಮೊತ್ತವಲ್ಲ. ಕೊಡುವಾಗ ಯಾಕೆ ಅಂತ ಹೇಳಬೇಕಲ್ಲ, ಅಲ್ಲಿಗೆ ಬಂದು ನಿಲ್ಲುತ್ತೇನೆ. ಬೆನ್ನುನೋವಿನ ಕಥೆಯನ್ನು ಅವನೂ ನಂಬಿದ್ದಾನೆ. ಒಂದು ಉಪಾಯ ಹೊಳೆದಿದೆ: ಮಾರ್ಕರ್ ಕೊಟ್ಟು ಅವನೇ ನೋಡಿಕೊಳ್ಳುವ ಹಾಗೆ ಮಾಡುವುದು, ಆಗ ನಾನೇನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಇದರಲ್ಲೂ ನನ್ನನ್ನು ನಾನು ಕಾಪಾಡಿಕೊಳ್ಳುತ್ತಿದ್ದೇನೆ ಅನ್ನುವುದು ಗೊತ್ತಾಗದೆ ಇಲ್ಲ. ಈ ಭಾನುವಾರ ಮಾರ್ಕರ್ ಒಯ್ಯಬೇಕು ಅಂದುಕೊಂಡಿದ್ದೇನೆ. ಹೋದ ಭಾನುವಾರವೂ ಅಂದುಕೊಂಡಿದ್ದೆ.